ಕಾಯಿಲೆ ಬಂದ ಮೇಲೆ ಲಸಿಕೆ

1890ರ ಆಗಸ್ಟ್‌ನಲ್ಲಿ ಬರ್ಲಿನ್‌ನಲ್ಲಿ ಹತ್ತನೆಯ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನ ನಡೆಯಿತು. ಅಲ್ಲಿ ರಾಬರ್ಟ್ ಕಾಕ್ ಮಾತಿಗೆ ಎದ್ದಾಗ ಅವರ ಪರಿಚಯ ಯಾರಿಗೂ ಬೇಕಿರಲಿಲ್ಲ. ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು 1882ರಲ್ಲಿ ತೋರಿಸಿಕೊಟ್ಟವರು ಅವರು. ಈ ಸಲ ಅವರು ತಂದಿದ್ದು ಅದಕ್ಕಿಂತ ದೊಡ್ಡ ಸುದ್ದಿ: ಆ ಬ್ಯಾಕ್ಟೀರಿಯಾ ದೇಹದೊಳಗೆ ಬೆಳೆಯದಂತೆ ತಡೆಯುವ ವಸ್ತುವೊಂದು ಸಿಕ್ಕಿದೆ, ಗಿನಿಪಿಗ್‌ಗಳಲ್ಲಿ ಅದು ಕೆಲಸ ಮಾಡಿದೆ. ನವೆಂಬರ್‌ನಲ್ಲಿ ಮನುಷ್ಯರ ಮೇಲಿನ ಪ್ರಯೋಗದ ವಿವರವೂ ಅಚ್ಚಾಯಿತು. ಯುರೋಪಿನ ಮೂಲೆಮೂಲೆಯಿಂದ ಕ್ಷಯರೋಗಿಗಳು ರೈಲು ಹತ್ತಿ ಬರ್ಲಿನ್‌ಗೆ ಬಂದರು. ಇಂಗ್ಲೆಂಡಿನಿಂದ ಬಂದ ವೈದ್ಯರಲ್ಲಿ ಆರ್ಥರ್ ಕಾನನ್ ಡಾಯ್ಲ್ ಕೂಡ ಒಬ್ಬರು. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆ ಲೇಖಕ, ಅವಸರ ಬೇಡವೆಂದು ಎಚ್ಚರಿಸಿ ಊರಿಗೆ ವರದಿ ಬರೆದರು.

ಆ ಮದ್ದನ್ನು ಕಾಕ್ ತಮ್ಮ ತೋಳಿಗೂ ಚುಚ್ಚಿಸಿಕೊಂಡಿದ್ದರು. ಕಾಲು ಮಿಲಿಲೀಟರ್ ಒಳಗೆ ಹೋದ ಮೂರ್ನಾಲ್ಕು ಗಂಟೆಗೆ ಕೈಕಾಲು ಸೆಳೆತ, ಸುಸ್ತು, ಕೆಮ್ಮು, ಉಸಿರಾಡಲು ಕಷ್ಟ. ಐದನೆಯ ಗಂಟೆಗೆ ಚಳಿ ಹಿಡಿದು ಸುಮಾರು ಒಂದು ತಾಸು ಮೈ ನಡುಗಿತು. ವಾಂತಿಯಾಯಿತು, ಜ್ವರ 39.6 ಡಿಗ್ರಿಗೆ ಏರಿತು. ಇದನ್ನೆಲ್ಲ ಅವರೇ ಬರೆದಿಟ್ಟರು. ಜೊತೆಗೆ ಇನ್ನೂ ವಿಚಿತ್ರವಾದ ಸಂಗತಿಯೊಂದನ್ನು ದಾಖಲಿಸಿದರು. ಆರೋಗ್ಯವಂತರಲ್ಲಿ ಇಂಥ ಪ್ರತಿಕ್ರಿಯೆ ಬರಲು ಇಷ್ಟು ಮದ್ದು ಬೇಕು. ಕ್ಷಯ ತಗಲಿದವರಿಗೆ ಅದರ ಇಪ್ಪತ್ತೈದರಲ್ಲೊಂದು ಪಾಲು ಸಾಕು. ರೋಗಿಯ ದೇಹಕ್ಕೆ ಈ ವಸ್ತು ಮೊದಲೇ ಗೊತ್ತಿದ್ದಂತಿತ್ತು.

ಟ್ಯುಬರ್ಕುಲಿನ್ ಎಂದು ಹೆಸರಾದ ಆ ಮದ್ದು ಕ್ಷಯವನ್ನು ಗುಣಪಡಿಸಲಿಲ್ಲ. 1891ರ ಜನವರಿಯಲ್ಲಿ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಶೊ, ಚುಚ್ಚುಮದ್ದು ಪಡೆದು ಸತ್ತವರ ಶವಪರೀಕ್ಷೆಯ ವಿವರಗಳನ್ನು ಬರ್ಲಿನ್ ವೈದ್ಯರ ಮುಂದಿಟ್ಟರು. ಶ್ವಾಸಕೋಶಗಳಲ್ಲಿ ಉರಿಯೂತ ಭುಗಿಲೆದ್ದಿತ್ತು, ಹೊಸ ಜಾಗಗಳಲ್ಲಿ ಕ್ಷಯದ ಗಂಟುಗಳಿದ್ದವು. ಅಲ್ಲಿಯವರೆಗೆ ಗುಟ್ಟಾಗಿದ್ದ ತಯಾರಿಕೆಯನ್ನು ಕಾಕ್ ಅದೇ ತಿಂಗಳು ಬಿಟ್ಟುಕೊಟ್ಟರು. ಕ್ಷಯದ ಬ್ಯಾಕ್ಟೀರಿಯಾವನ್ನು ಬೆಳೆಸಿ ಗ್ಲಿಸರಿನ್‌ನಲ್ಲಿ ತೆಗೆದ ಸಾರ ಅದು. ರೋಗ ಬರುವ ಮುನ್ನ ಲಸಿಕೆ ಹಾಕುವುದನ್ನು ಜೆನ್ನರ್ ಮತ್ತು ಪ್ಯಾಶ್ಚರ್ ಕಲಿಸಿದ್ದರು. ಮೈಯೊಳಗೆ ಬೇರುಬಿಟ್ಟ ದೀರ್ಘಕಾಲದ ರೋಗವನ್ನು ಲಸಿಕೆಯಂಥ ವಸ್ತುವಿನಿಂದಲೇ ಮಣಿಸುವ ಮೊದಲ ದೊಡ್ಡ ಪ್ರಯತ್ನ ಹೀಗೆ ಕೆಟ್ಟ ಹೆಸರು ಹೊತ್ತು ಮುಗಿಯಿತು.

ಅದರ ಉಪಯೋಗ ಬೇರೆ ಕಡೆ ಸಿಕ್ಕಿತು. 1907ರಲ್ಲಿ ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ, ಮರುವರ್ಷ ಫ್ರಾನ್ಸಿನ ಶಾರ್ಲ್ ಮಾಂಟೂ ಅದೇ ಟ್ಯುಬರ್ಕುಲಿನ್ನನ್ನು ಒಂದು ಹನಿಗೆ ಇಳಿಸಿ ರೋಗಪತ್ತೆಗೆ ಬಳಸಿದರು. ಮಾಂಟೂ ಪರೀಕ್ಷೆ ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿದೆ. ಮುಂದೋಳಿನ ಚರ್ಮದೊಳಗೆ ಚುಚ್ಚಿ, ಸುತ್ತ ಪೆನ್ನಿನಲ್ಲಿ ಗುಂಡಗೆ ಗೆರೆ ಎಳೆದು ಕಳಿಸುತ್ತಾರೆ. ಎರಡು ಮೂರು ದಿನ ಬಿಟ್ಟು ಹೋದರೆ ಅಲ್ಲಿ ಎದ್ದ ಗಟ್ಟಿ ದದ್ದನ್ನು ಅಳೆಯುತ್ತಾರೆ. ಆ ದದ್ದು ಎರಡು ದಿನ ತಡಮಾಡಿ ಏಳುವುದೇಕೆ ಎಂಬುದಕ್ಕೆ ಬಹುಕಾಲ ಉತ್ತರವಿರಲಿಲ್ಲ. 1945ರಲ್ಲಿ ಮೆರಿಲ್ ಚೇಸ್ ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಟ್ಯುಬರ್ಕುಲಿನ್‌ಗೆ ಪ್ರತಿಕ್ರಿಯಿಸುವ ಗಿನಿಪಿಗ್‌ನ ರಕ್ತದ ತಿಳಿಯನ್ನು ಇನ್ನೊಂದಕ್ಕೆ ಕೊಟ್ಟರೆ ಏನೂ ಆಗಲಿಲ್ಲ. ಅದರ ಬಿಳಿ ಕೋಶಗಳನ್ನು ಕೊಟ್ಟರೆ ಆ ಗುಣ ಇನ್ನೊಂದಕ್ಕೂ ದಾಟಿತು. ರೋಗಾಣುಗಳನ್ನು ಹಿಡಿಯುವ ಪ್ರತಿಕಾಯಗಳೆಂಬ ಪ್ರೋಟೀನ್‌ಗಳು ತೇಲುವುದು ರಕ್ತದ ತಿಳಿಯಲ್ಲಿ. ಅಂದರೆ ಈ ನೆನಪು ಪ್ರತಿಕಾಯಗಳದ್ದಲ್ಲ, ಯಾವುದೋ ಕೋಶದ್ದು ಎಂದಾಯಿತು.

ಬರ್ಲಿನ್‌ನಲ್ಲಿ ಟ್ಯುಬರ್ಕುಲಿನ್ ಕುಸಿಯುತ್ತಿದ್ದ ಆ ಚಳಿಗಾಲದಲ್ಲೇ ನ್ಯೂಯಾರ್ಕ್‌ನಲ್ಲಿ ವಿಲಿಯಂ ಕೋಲಿ ಎಂಬ, ಇನ್ನೂ ಮೂವತ್ತು ತುಂಬದ ಶಸ್ತ್ರವೈದ್ಯ ಒಂದು ಸಾವಿನಿಂದ ತತ್ತರಿಸಿದ್ದರು. ಹದಿನೇಳರ ಹುಡುಗಿಯೊಬ್ಬಳ ಕೈಯಲ್ಲಿ ಮೂಳೆಯ ಕ್ಯಾನ್ಸರ್. ಕೈ ಕತ್ತರಿಸಿದರೂ ಕೆಲವೇ ವಾರಗಳಲ್ಲಿ ಅದು ಮೈಯೆಲ್ಲ ಹರಡಿ ಆಕೆ ತೀರಿಕೊಂಡಳು. ಕೋಲಿ ಆಸ್ಪತ್ರೆಯ ಹಳೆಯ ಕಡತಗಳನ್ನು ಹುಡುಕುತ್ತ ಕೂತರು. ಅವರಿಗೆ ಸಿಕ್ಕಿದ್ದು ಕತ್ತಿನ ಮೇಲೆ ಮತ್ತೆ ಮತ್ತೆ ಗೆಡ್ಡೆ ಬೆಳೆದು, ವೈದ್ಯರು ಕೈಬಿಟ್ಟಿದ್ದ ಒಬ್ಬ ವಲಸಿಗನ ಕಡತ. ಅವನಿಗೆ ಎರಿಸಿಪೆಲಸ್ ಎಂಬ ಚರ್ಮದ ಸೋಂಕು ತಗಲಿ ವಿಪರೀತ ಜ್ವರ ಬಂದಿತ್ತು, ಗೆಡ್ಡೆ ಕರಗಿತ್ತು. ಕೋಲಿ ಬಡವರ ಬೀದಿಗಳಲ್ಲಿ ಅಲೆದು ಅವನನ್ನು ಪತ್ತೆಹಚ್ಚಿದರು. ಅಷ್ಟು ವರ್ಷಗಳ ಮೇಲೂ ಆತ ಆರೋಗ್ಯವಾಗಿದ್ದ.

ಆಮೇಲೆ ಕೋಲಿ ಜೀವಮಾನವಿಡೀ ಕ್ಯಾನ್ಸರ್ ರೋಗಿಗಳಿಗೆ ಬ್ಯಾಕ್ಟೀರಿಯಾ ಚುಚ್ಚಿದರು. ಮೊದಲು ಜೀವಂತ ಬ್ಯಾಕ್ಟೀರಿಯಾ, ನಂತರ ಕಾಯಿಸಿ ಕೊಂದದ್ದು. ಕೆಲವರು ಬದುಕಿದರು, ಹಲವರು ಬದುಕಲಿಲ್ಲ. ಯಾರಿಗೆ ಫಲಿಸುತ್ತದೆ, ಏಕೆ ಫಲಿಸುತ್ತದೆ ಎಂದು ಅವರಿಂದ ಹೇಳಲಾಗಲಿಲ್ಲ. ಎಕ್ಸ್‌ರೇ ಚಿಕಿತ್ಸೆ ಬಂದ ಮೇಲೆ ಅವರ ಮದ್ದನ್ನು ಕೇಳುವವರಿಲ್ಲವಾಯಿತು. ಕಾಕ್ ಮತ್ತು ಕೋಲಿ ಇಬ್ಬರೂ ಎಬ್ಬಿಸಲು ಹೊರಟಿದ್ದ ಕೋಶಗಳಿಗೆ ಆಗ ಹೆಸರೇ ಇರಲಿಲ್ಲ.

ಆ ಹೆಸರು ಬಂದದ್ದು ಎದೆಮೂಳೆಯ ಹಿಂದಿರುವ ಥೈಮಸ್ ಎಂಬ ಗ್ರಂಥಿಯಿಂದ. ಮಕ್ಕಳಲ್ಲಿ ದೊಡ್ಡದಿದ್ದು ವಯಸ್ಸಾದಂತೆ ಕರಗುವ ಈ ಗ್ರಂಥಿಯಿಂದ ಏನೂ ಪ್ರಯೋಜನವಿಲ್ಲ ಎಂದೇ 1960ರವರೆಗೂ ಹೆಚ್ಚಿನವರ ಎಣಿಕೆ. ಫ್ರಾನ್ಸ್‌ನಲ್ಲಿ ಹುಟ್ಟಿ ಆಸ್ಟ್ರೇಲಿಯದಲ್ಲಿ ಬೆಳೆದ ಜ್ಯಾಕ್ ಮಿಲ್ಲರ್ ಆಗ ಲಂಡನ್ನಿನ ಚೆಸ್ಟರ್ ಬೀಟಿ ಸಂಸ್ಥೆಯಲ್ಲಿ ಇಲಿಗಳ ರಕ್ತದ ಕ್ಯಾನ್ಸರ್ ಬಗ್ಗೆ ಕೆಲಸ ಮಾಡುತ್ತಿದ್ದರು. ಅದಕ್ಕಾಗಿ ಆಗಷ್ಟೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆಯಬೇಕಾಯಿತು. ಅಂಥ ಮರಿಗಳು ಕೆಲವು ವಾರ ಚೆನ್ನಾಗಿ ಬೆಳೆದು, ನಂತರ ಸೊರಗಿ ಸೋಂಕಿನಿಂದ ಸತ್ತವು. ಅವುಗಳ ರಕ್ತದಲ್ಲಿ ಲಿಂಫೋಸೈಟ್ ಎಂಬ ಬಿಳಿ ಕಣಗಳು ತೀರ ಕಡಿಮೆ. ಬೇರೆ ತಳಿಯ ಇಲಿಯ ಚರ್ಮ ಕಸಿ ಮಾಡಿದರೆ ಎದುರಾಡದೆ ಒಪ್ಪಿಕೊಂಡವು. ಬೇರೆ ಬಣ್ಣದ ಕೂದಲು ಅವುಗಳ ಬೆನ್ನ ಮೇಲೆ ಹುಲುಸಾಗಿ ಬೆಳೆಯಿತು. 1961ರಲ್ಲಿ ಇದು ಪ್ರಕಟವಾಯಿತು. 1968ರಲ್ಲಿ ಮೆಲ್ಬರ್ನ್‌ನಲ್ಲಿ ಮಿಲ್ಲರ್ ಮತ್ತು ಗ್ರಹಾಂ ಮಿಚೆಲ್ ಲಿಂಫೋಸೈಟ್‌ಗಳಲ್ಲಿ ಎರಡು ಬಗೆಯಿವೆ ಎಂದು ತೋರಿಸಿದರು. ಪ್ರತಿಕಾಯ ತಯಾರಿಸುವವು ಬಿ-ಕೋಶಗಳು, ಥೈಮಸ್‌ನಲ್ಲಿ ಪಳಗಿ ಬರುವವು ಟಿ-ಕೋಶಗಳು.

ಟಿ-ಕೋಶಗಳು ಶತ್ರುವನ್ನು ಹೇಗೆ ಗುರುತಿಸುತ್ತವೆ ಎಂಬ ಪ್ರಶ್ನೆಗೆ ಉತ್ತರ 1973–74ರಲ್ಲಿ ಕೆನ್‌ಬರಾದಲ್ಲಿ ಹೊಳೆಯಿತು. ಪೀಟರ್ ಡೊಹರ್ಟಿ ಕ್ವೀನ್ಸ್‌ಲ್ಯಾಂಡ್‌ನ ಪಶುವೈದ್ಯ, ರಾಲ್ಫ್ ಜಿಂಕರ್‌ನಾಗೆಲ್ ಸ್ವಿಟ್ಜರ್ಲೆಂಡ್‌ನಿಂದ ಬಂದ ವೈದ್ಯ. ಇಬ್ಬರೂ ಎಲ್‌ಸಿಎಂವಿ ಎಂಬ ಇಲಿಗಳ ವೈರಸ್ ಹಿಡಿದು ಕೂತಿದ್ದರು. ಸೋಂಕಿತ ಇಲಿಯ ಟಿ-ಕೋಶಗಳು ಅದೇ ತಳಿಯ ಸೋಂಕಿತ ಕೋಶಗಳನ್ನು ಕೊಲ್ಲುತ್ತಿದ್ದವು. ಬೇರೆ ತಳಿಯ ಇಲಿಯಲ್ಲಿ ಅದೇ ವೈರಸ್ ಇದ್ದರೂ ಮುಟ್ಟುತ್ತಿರಲಿಲ್ಲ. ಟಿ-ಕೋಶಕ್ಕೆ ವೈರಸ್ ಮಾತ್ರ ಕಂಡರೆ ಸಾಲದು, ಅದು ತನ್ನದೇ ದೇಹದ ಗುರುತಿನ ಅಣುವಿನ ಜೊತೆ ಕಾಣಬೇಕು ಎಂದು ಇದರಿಂದ ತಿಳಿಯಿತು. ಪ್ರತಿಯೊಂದು ಕೋಶವೂ ತನ್ನೊಳಗಿನ ಪ್ರೋಟೀನ್‌ಗಳ ಚೂರುಗಳನ್ನು ಆ ಅಣುಗಳಲ್ಲಿ ಸಿಕ್ಕಿಸಿ ಹೊರಮೈ ಮೇಲೆ ತೋರಿಸುತ್ತಿರುತ್ತದೆ ಎಂಬುದು ಮುಂದಿನ ದಶಕದಲ್ಲಿ ಸ್ಪಷ್ಟವಾಯಿತು. ಅಂಗಡಿಯವರು ಒಳಗಿನ ಸರಕಿನ ಮಾದರಿಯನ್ನು ಬಾಗಿಲಿಗೆ ತೂಗುಹಾಕುವ ಹಾಗೆ. ಟಿ-ಕೋಶ ಅದನ್ನು ನೋಡಿ ಒಳಗೆ ಏನಿದೆ ಎಂದು ತಿಳಿಯುತ್ತದೆ.

ದೀರ್ಘಕಾಲದ ಸೋಂಕು ಮತ್ತು ಕ್ಯಾನ್ಸರ್ ವಿಷಯದಲ್ಲಿ ಈ ಕೋಶಗಳೇ ಏಕೆ ಬೇಕು ಎಂಬುದಕ್ಕೂ ಇದೇ ಉತ್ತರ. ಪ್ರತಿಕಾಯಗಳು ಹಿಡಿಯುವುದು ಕೋಶದ ಹೊರಗೆ ಓಡಾಡುವ ವೈರಸ್ಸನ್ನು. ವೈರಸ್ ಒಮ್ಮೆ ಕೋಶದೊಳಗೆ ಮನೆ ಮಾಡಿಕೊಂಡರೆ ಅಥವಾ ಕೋಶವೇ ಕೆಟ್ಟು ಕ್ಯಾನ್ಸರ್ ಆದರೆ, ಆ ಕೋಶವನ್ನೇ ಗುರುತಿಸಿ ಕೊಲ್ಲುವವರು ಬೇಕು. ಮಕ್ಕಳಿಗೆ ಹಾಕುವ ಹೆಪಟೈಟಿಸ್ ಬಿ ಲಸಿಕೆ ಪ್ರತಿಕಾಯಗಳ ಬಲದಿಂದ ಸೋಂಕನ್ನು ಬಾಗಿಲಲ್ಲೇ ತಡೆಯುತ್ತದೆ. ತೈವಾನ್ 1984ರಲ್ಲಿ ಅದನ್ನು ದೇಶದ ಎಲ್ಲೆಡೆ ಆರಂಭಿಸಿದ ಮೇಲೆ ಅಲ್ಲಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಇಳಿಯಿತು. ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ಸಿನ ವಿರುದ್ಧ ಹುಡುಗಿಯರಿಗೆ ಕೊಡುವ ಎಚ್‌ಪಿವಿ ಲಸಿಕೆಯದ್ದೂ ಅದೇ ದಾರಿ. ಇವು ಮನುಕುಲದ ದೊಡ್ಡ ಗೆಲುವುಗಳು. ಆದರೆ ಆಗಲೇ ಸೋಂಕು ತಗಲಿದವರಿಂದ ಆ ವೈರಸ್ಸನ್ನು ಓಡಿಸಲು ಇವುಗಳಿಂದ ಆಗುವುದಿಲ್ಲ.

ಟಿ-ಕೋಶಗಳನ್ನೇ ನೆಚ್ಚಿಕೊಂಡ ಲಸಿಕೆ ಜಗತ್ತಿನಲ್ಲಿ ಆಗಲೇ ಒಂದಿತ್ತು. ಆಲ್ಬರ್ಟ್ ಕಾಲ್ಮೆಟ್ ಮತ್ತು ಕಮೀಲ್ ಗೆರಾನ್ 1908ರಿಂದ ಹದಿಮೂರು ವರ್ಷ ದನದ ಕ್ಷಯದ ಬ್ಯಾಕ್ಟೀರಿಯಾವನ್ನು ಗ್ಲಿಸರಿನ್, ಪಿತ್ತ ಮತ್ತು ಆಲೂಗಡ್ಡೆಯ ಮೇಲೆ ಮರಳಿ ಮರಳಿ ಬೆಳೆಸಿ ಸಾಧು ಮಾಡಿದ್ದರು. ಅದೇ ಬಿಸಿಜಿ. ಭಾರತ ಅದನ್ನು ನಂಬಿ ಕೋಟ್ಯಂತರ ತೋಳುಗಳಿಗೆ ಚುಚ್ಚಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅದರ ಸಿಬ್ಬಂದಿ ಮೊದಲ ವರ್ಷಗಳಲ್ಲೇ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ, ಕಾಕ್ ಕೊಟ್ಟ ಅದೇ ಟ್ಯುಬರ್ಕುಲಿನ್ ಚುಚ್ಚಿ, ಯಾರ ಮೈಯಲ್ಲಿ ಸೋಂಕು ಅಡಗಿದೆ ಎಂದು ಲೆಕ್ಕ ಹಾಕಿದರು. ಎರಡು ದಿನದ ಮೇಲೆ ಏಳುವ ಆ ದದ್ದು ಟಿ-ಕೋಶಗಳ ನೆನಪಿನದ್ದು.

ಬಿಸಿಜಿ ನಿಜವಾಗಿ ಎಷ್ಟು ಕಾಯುತ್ತದೆ ಎಂದು ನೋಡಲು 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಪ್ರಯೋಗ ಆರಂಭವಾಯಿತು. ಎರಡೂವರೆ ಲಕ್ಷಕ್ಕೂ ಹೆಚ್ಚು ಮಂದಿ ಅದರಲ್ಲಿದ್ದರು. ಬಿಸಿಜಿಯ ಎರಡು ತಳಿ, ಎರಡು ಪ್ರಮಾಣ, ಇನ್ನೊಂದು ಗುಂಪಿಗೆ ಬರೀ ದ್ರವ. ಏಳೂವರೆ ವರ್ಷದ ಲೆಕ್ಕ ಬಂದಾಗ ಎಲ್ಲರಿಗೂ ಆಘಾತ. ದೊಡ್ಡವರ ಶ್ವಾಸಕೋಶದ ಕ್ಷಯಕ್ಕೆ ಬಿಸಿಜಿಯಿಂದ ರಕ್ಷಣೆ ಕಾಣಲಿಲ್ಲ. ಹದಿನೈದು ವರ್ಷ ಕಾದು ನೋಡಿದರೂ ಅಷ್ಟೇ. ಪುಟ್ಟ ಮಕ್ಕಳಲ್ಲಿ ಮೆದುಳಿಗೆ ಏರುವ ಕ್ಷಯವನ್ನು ಅದು ತಡೆಯುತ್ತದೆ, ಆದ್ದರಿಂದ ಇಂದಿಗೂ ಹುಟ್ಟಿದ ಕೂಸಿಗೆ ಹಾಕುತ್ತೇವೆ. ಆದರೆ ಹಳ್ಳಿಯ ಮಣ್ಣು ನೀರಿನಲ್ಲಿರುವ ಕ್ಷಯದ ದಾಯಾದಿ ಬ್ಯಾಕ್ಟೀರಿಯಾಗಳಿಗೆ ಬಾಲ್ಯದಿಂದ ಒಡ್ಡಿಕೊಂಡ ಟಿ-ಕೋಶಗಳಿಗೆ ಬಿಸಿಜಿ ಹೊಸದೇನನ್ನೂ ಕಲಿಸಲಾರದೇನೋ ಎಂಬ ಅನುಮಾನ ಅಲ್ಲಿಂದ ಬಲವಾಯಿತು. ಇಷ್ಟು ದೊಡ್ಡದಾಗಿ, ಇಷ್ಟು ಪ್ರಾಮಾಣಿಕವಾಗಿ ನಡೆದ ಪ್ರಯೋಗದ ಕಹಿ ಉತ್ತರವನ್ನು ಮರೆಮಾಚದೆ ಪ್ರಕಟಿಸಿದ ಭಾರತದ ವಿಜ್ಞಾನಿಗಳಿಗೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲ.

ಕ್ಯಾನ್ಸರ್ ಕಡೆಯ ಕಥೆ ಬ್ರಸೆಲ್ಸ್‌ನಲ್ಲಿ ಮತ್ತೆ ಚಿಗುರಿತು. ಮನುಷ್ಯರ ಗೆಡ್ಡೆಯಲ್ಲಿ ಟಿ-ಕೋಶ ನಿಜವಾಗಿ ಏನನ್ನು ಗುರುತಿಸುತ್ತದೆ ಎಂದು ಥಿಯರಿ ಬೂನ್ ವರ್ಷಗಟ್ಟಲೆ ಬೆನ್ನುಹತ್ತಿದರು. 1991ರಲ್ಲಿ ಅವರ ತಂಡ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ನಿಂದ ಅಂಥ ಮೊದಲ ಜೀನ್ ಹೊರತೆಗೆದು ಮೇಜ್ ಎಂದು ಹೆಸರಿಟ್ಟಿತು. ಗುರಿ ಸಿಕ್ಕಿತು, ಇನ್ನು ಲಸಿಕೆ ಮಾಡುವುದಷ್ಟೇ ಬಾಕಿ ಎಂಬ ಹುರುಪು ಹಬ್ಬಿತು. ಮುಂದಿನ ಹತ್ತು ಹದಿನೈದು ವರ್ಷ ಪ್ರೋಟೀನ್ ಚೂರುಗಳು, ಪಳಗಿಸಿದ ವೈರಸ್‌ಗಳು, ಕೊಂದ ಗೆಡ್ಡೆಕೋಶಗಳು ಎಲ್ಲವನ್ನೂ ರೋಗಿಗಳಿಗೆ ಚುಚ್ಚಿ ನೋಡಿದರು. 2004ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸ್ಟೀವನ್ ರೋಸೆನ್‌ಬರ್ಗ್ ತಮ್ಮಲ್ಲಿ ಲಸಿಕೆ ಪಡೆದ 440 ರೋಗಿಗಳ ಲೆಕ್ಕ ಮುಂದಿಟ್ಟರು. ಗೆಡ್ಡೆ ಕುಗ್ಗಿದ್ದು ಅವರಲ್ಲಿ ನೂರಕ್ಕೆ 2.6 ಮಂದಿಯಲ್ಲಿ. ಮೇಜ್ ಕುಟುಂಬದ ಪ್ರೋಟೀನ್‌ನಿಂದ ಮಾಡಿದ ಲಸಿಕೆಯನ್ನು ಎರಡು ಸಾವಿರಕ್ಕೂ ಹೆಚ್ಚು ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷಿಸಿದ ಪ್ರಯೋಗವೂ 2014ರಲ್ಲಿ ಸೋಲೊಪ್ಪಿತು. ಎಷ್ಟೋ ರೋಗಿಗಳ ರಕ್ತದಲ್ಲಿ ಲಸಿಕೆಗೆ ಉತ್ತರವಾಗಿ ಟಿ-ಕೋಶಗಳು ಹುಟ್ಟಿದ್ದು ಕಾಣುತ್ತಿತ್ತು, ಗೆಡ್ಡೆ ಮಾತ್ರ ಕದಲುತ್ತಿರಲಿಲ್ಲ.

ಎಚ್‌ಐವಿ ವಿಷಯದಲ್ಲಿ ಪೆಟ್ಟು ಇನ್ನೂ ಜೋರಾಗಿ ಬಿತ್ತು. ಆ ವೈರಸ್ ವೇಷ ಬದಲಿಸುತ್ತಲೇ ಇರುವುದರಿಂದ ಪ್ರತಿಕಾಯಗಳ ಕೈಗೆ ಸಿಗದು, ಟಿ-ಕೋಶಗಳನ್ನು ಎಬ್ಬಿಸೋಣ ಎಂದು ಮರ್ಕ್ ಕಂಪನಿ ಶೀತದ ವೈರಸ್ ಒಂದರೊಳಗೆ ಎಚ್‌ಐವಿಯ ಜೀನ್‌ಗಳನ್ನಿಟ್ಟು ಲಸಿಕೆ ಮಾಡಿತ್ತು. ಸುಮಾರು 3,000 ಸ್ವಯಂಸೇವಕರ ಸ್ಟೆಪ್ ಪ್ರಯೋಗವನ್ನು 2007ರ ಸೆಪ್ಟೆಂಬರ್‌ನಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ರಕ್ಷಣೆ ಸಿಗದಿದ್ದುದು ಒಂದು ಕಡೆ. ಆ ಶೀತದ ವೈರಸ್ಸಿಗೆ ಮೊದಲೇ ಒಡ್ಡಿಕೊಂಡಿದ್ದ ಕೆಲವು ಗಂಡಸರಲ್ಲಿ ಲಸಿಕೆಯಿಂದ ಎಚ್‌ಐವಿ ಅಪಾಯ ಹೆಚ್ಚಿದಂತೆಯೂ ಕಂಡಿತು. ಟಿ-ಕೋಶ ಲಸಿಕೆ ಎಂಬ ಮಾತನ್ನೇ ಆ ಕ್ಷೇತ್ರದಲ್ಲಿ ಹಲವರು ಕೈಬಿಟ್ಟರು.

ಇಷ್ಟೆಲ್ಲ ಸೋಲುಗಳ ಹಿಂದಿನ ಕಾರಣ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸಿಗಲಿಲ್ಲ, ಕೆನ್‌ಬರಾದ ಆ ಇಲಿ ವೈರಸ್‌ನಲ್ಲೇ ಸಿಕ್ಕಿತು. ಹೈದರಾಬಾದ್‌ನಲ್ಲಿ ಹುಟ್ಟಿ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ರಫಿ ಅಹ್ಮದ್ 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಮೈಕೆಲ್ ಓಲ್ಡ್‌ಸ್ಟೋನ್ ಜೊತೆ ಕೆಲಸಕ್ಕಿದ್ದರು. ಎಲ್‌ಸಿಎಂವಿಯ ಒಂದು ತಳಿಯನ್ನು ಇಲಿ ಒಂದು ವಾರದಲ್ಲಿ ಮೈಯಿಂದ ತೊಡೆದುಹಾಕುತ್ತದೆ. ಸೋಂಕನ್ನು ಜೀವನವಿಡೀ ಹೊತ್ತ ಇಲಿಗಳ ಗುಲ್ಮದಿಂದ ಅಹ್ಮದ್ ಬೇರ್ಪಡಿಸಿದ ‘ಕ್ಲೋನ್ 13’ ಎಂಬ ಇನ್ನೊಂದು ತಳಿ ತಿಂಗಳುಗಟ್ಟಲೆ ಉಳಿಯುತ್ತದೆ. ಎರಡರ ನಡುವಿನ ವ್ಯತ್ಯಾಸ ಪ್ರೋಟೀನ್‌ಗಳಲ್ಲಿ ಬೆರಳೆಣಿಕೆಯ ಬದಲಾವಣೆ, ಅಷ್ಟೇ. ಒಂದೇ ಇಲಿ, ಒಂದೇ ಜಾತಿಯ ವೈರಸ್. ಒಂದರಲ್ಲಿ ಗೆಲುವು, ಇನ್ನೊಂದರಲ್ಲಿ ಮುಗಿಯದ ಕಾಯಿಲೆ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು.

1998ರಲ್ಲಿ ಅಹ್ಮದ್ ತಂಡ ಕಂಡದ್ದು ಇದು: ಕ್ಲೋನ್ 13 ಇರುವ ಇಲಿಯಲ್ಲಿ ಆ ವೈರಸ್ಸನ್ನು ಗುರುತಿಸುವ ಟಿ-ಕೋಶಗಳು ಸತ್ತಿಲ್ಲ, ಹಾಗೇ ಉಳಿದಿವೆ, ಆದರೆ ಕೆಲಸ ಮಾಡುತ್ತಿಲ್ಲ. ಶತ್ರುವಿನ ಗುರುತು ದಿನವೂ ರಾತ್ರಿಯೂ ಎದುರಿಗಿದ್ದೇ ಇರುವುದರಿಂದ ಅವು ಒಂದೊಂದೇ ಶಕ್ತಿ ಕಳೆದುಕೊಂಡು ದಣಿದುಬಿಡುತ್ತವೆ. ಇಂಥ ಸ್ಥಿತಿಯಲ್ಲಿ ಲಸಿಕೆ ಹಾಕಿದರೆ ಆಗುವುದೇನು? ಆಗಲೇ ಸಾಕುಸಾಕಾಗುವಷ್ಟು ಕಂಡ ಗುರುತನ್ನೇ ಇನ್ನಷ್ಟು ತೋರಿಸಿದ ಹಾಗಾಯಿತು. ರೋಸೆನ್‌ಬರ್ಗ್ ಅವರ 2.6ರ ಹಿಂದೆ ಏನಿತ್ತು ಎಂಬುದರ ದೊಡ್ಡ ಪಾಲು ಇಲ್ಲಿದೆ.

ಮುಂದೆ ಎಮೊರಿ ವಿಶ್ವವಿದ್ಯಾಲಯದಲ್ಲಿ ಅಹ್ಮದ್ ಮತ್ತು ಸಂಗಡಿಗರು ದಣಿದ ಕೋಶಗಳಲ್ಲಿ ಯಾವ ಜೀನ್‌ಗಳು ಮಿತಿಮೀರಿ ಕೆಲಸ ಮಾಡುತ್ತಿವೆ ಎಂದು ಹುಡುಕಿದರು. ಎದ್ದು ಕಂಡ ಹೆಸರು ಪಿಡಿ-1. ಕ್ಯೋಟೊದಲ್ಲಿ ತಸುಕು ಹೊಂಜೊ ಅವರ ಪ್ರಯೋಗಾಲಯ 1992ರಲ್ಲಿ ಪತ್ತೆಹಚ್ಚಿದ್ದ ಈ ಪ್ರೋಟೀನ್ ಟಿ-ಕೋಶದ ಬ್ರೇಕ್. 2006ರಲ್ಲಿ ಅಹ್ಮದ್ ತಂಡ ಆ ಬ್ರೇಕನ್ನು ಪ್ರತಿಕಾಯದಿಂದ ಸಡಿಲಿಸಿ ತೋರಿಸಿತು. ದಣಿದಿದ್ದ ಕೋಶಗಳು ಮರಳಿ ವೃದ್ಧಿಸಿದವು, ವೈರಸ್ ಇಳಿಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಡರ್ಬನ್‌ನ ಎಚ್‌ಐವಿ ಸೋಂಕಿತರ ಟಿ-ಕೋಶಗಳ ಮೇಲೂ ಅದೇ ಪಿಡಿ-1 ಕಂಡಿತು. 2008ರ ಇನ್ನೊಂದು ಪ್ರಯೋಗ ಈ ಕಥೆಗೆ ನಡುಗಂಬದಂಥದ್ದು. ದೀರ್ಘಕಾಲದ ಸೋಂಕಿರುವ ಇಲಿಗೆ ಲಸಿಕೆ ಒಂದನ್ನೇ ಕೊಟ್ಟರೆ ಫಲ ಅಷ್ಟಕ್ಕಷ್ಟೆ. ಪಿಡಿ-1 ಬ್ರೇಕ್ ಸಡಿಲಿಸಿ ಜೊತೆಗೇ ಲಸಿಕೆ ಕೊಟ್ಟಾಗ ಟಿ-ಕೋಶಗಳು ಹಲವು ಪಟ್ಟು ಹೆಚ್ಚಿ ವೈರಸ್ ವೇಗವಾಗಿ ಇಳಿಯಿತು. ಬ್ರೇಕ್ ಬಿಡಿಸುವ ಔಷಧಗಳು ಕ್ಯಾನ್ಸರ್ ಚಿಕಿತ್ಸೆಯನ್ನು ಬದಲಿಸಿದ ಕಥೆ ಎಲ್ಲರಿಗೂ ಗೊತ್ತು. ಹೊಂಜೊ ಮತ್ತು ಜೇಮ್ಸ್ ಆಲಿಸನ್ ಅದಕ್ಕೆ 2018ರಲ್ಲಿ ನೊಬೆಲ್ ಪಡೆದರು.

ಈ ನಡುವೆ ಒಬ್ಬ ವಿಜ್ಞಾನಿ ತಮ್ಮ ವಿದ್ಯೆಯನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಿಕೊಳ್ಳುತ್ತಿದ್ದರು. 1973ರಲ್ಲಿ ರಾಕ್‌ಫೆಲರ್‌ನ ರಾಲ್ಫ್ ಸ್ಟೈನ್‌ಮನ್, ಜಾನ್‌ವಿಲ್ ಕೋನ್ ಜೊತೆಗೂಡಿ ಇಲಿಯ ಗುಲ್ಮದಲ್ಲಿ ಕವಲು ಕವಲಾದ ಚಾಚುಗಳಿರುವ ಅಪರೂಪದ ಕೋಶಗಳನ್ನು ಸೂಕ್ಷ್ಮದರ್ಶಕದಡಿ ಕಂಡು ಡೆಂಡ್ರೈಟಿಕ್ ಕೋಶ ಎಂದು ಕರೆದಿದ್ದರು. ಹೊಸ ಶತ್ರುವಿನ ಚೂರನ್ನು ಟಿ-ಕೋಶಕ್ಕೆ ಮೊದಲು ತೋರಿಸಿ ಯುದ್ಧಕ್ಕೆ ಕಳಿಸುವುದು ಇವೇ ಎಂದು ಸಾಧಿಸಲು ಅವರು ಬಹುವರ್ಷ ಅನುಮಾನಗಳ ನಡುವೆ ದುಡಿದರು. 2007ರಲ್ಲಿ ಅವರಿಗೇ ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಸಾಮಾನ್ಯವಾಗಿ ಒಂದು ವರ್ಷವೂ ಕೊಡದ ರೋಗ. ಸಹೋದ್ಯೋಗಿಗಳು ಅವರದೇ ಗೆಡ್ಡೆ, ಅವರದೇ ಡೆಂಡ್ರೈಟಿಕ್ ಕೋಶಗಳಿಂದ ಪ್ರಾಯೋಗಿಕ ಲಸಿಕೆಗಳನ್ನು ತಯಾರಿಸಿಕೊಟ್ಟರು. ಅವರು ನಾಲ್ಕೂವರೆ ವರ್ಷ ಬದುಕಿದರು. ಲಸಿಕೆಗಳಿಂದಲೋ, ಬೇರೆ ಚಿಕಿತ್ಸೆಯಿಂದಲೋ ಎಂದು ಒಬ್ಬರೇ ರೋಗಿಯನ್ನು ನೋಡಿ ಹೇಳಲಾಗದು. 2011ರ ಸೆಪ್ಟೆಂಬರ್ 30ರಂದು ತೀರಿಕೊಂಡರು. ಅದು ಗೊತ್ತಿಲ್ಲದೆ ನೊಬೆಲ್ ಸಮಿತಿ ಅಕ್ಟೋಬರ್ 3ರಂದು ಅವರ ಹೆಸರು ಘೋಷಿಸಿತು. ಬದುಕಿಲ್ಲದವರಿಗೆ ಪ್ರಶಸ್ತಿ ಕೊಡುವ ಪದ್ಧತಿಯಿಲ್ಲದಿದ್ದರೂ ಆ ಘೋಷಣೆಯನ್ನು ಹಿಂಪಡೆಯಲಿಲ್ಲ. ಹಿಂದಿನ ವರ್ಷವಷ್ಟೇ, 2010ರ ಏಪ್ರಿಲ್‌ನಲ್ಲಿ, ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರೋಗಿಯ ಸ್ವಂತ ಕೋಶಗಳಿಂದ ಮಾಡುವ ಲಸಿಕೆಯೊಂದಕ್ಕೆ ಅಮೆರಿಕ ಅನುಮತಿ ಕೊಟ್ಟಿತ್ತು. ಅದರಿಂದ ಆಯುಸ್ಸು ಸುಮಾರು ನಾಲ್ಕು ತಿಂಗಳು ಹೆಚ್ಚಿತು. ಚಿಕ್ಕ ಗೆಲುವು, ಆದರೂ ಮೊದಲನೆಯದು.

ದಣಿವಿನ ಪಾಠದಿಂದ ಇನ್ನೊಂದು ಪಾಠ ಹುಟ್ಟಿತು: ರೋಗ ಇನ್ನೂ ಎಳೆಯದಿರುವಾಗ ಹಿಡಿಯಬೇಕು. ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಕಾರ್ನೆಲಿಸ್ ಮೆಲಿಫ್ ತಂಡ ಎಚ್‌ಪಿವಿ 16 ವೈರಸ್‌ನ ಎರಡು ಪ್ರೋಟೀನ್‌ಗಳ ಉದ್ದನೆಯ ಚೂರುಗಳಿಂದ ಲಸಿಕೆ ಮಾಡಿತು. ಜನನಾಂಗದ ಹೊರಭಾಗದಲ್ಲಿ ಕ್ಯಾನ್ಸರ್‌ಗೆ ಮುಂಚಿನ ಗಾಯಗಳಿದ್ದ 20 ಮಹಿಳೆಯರಿಗೆ ಅದನ್ನು ಕೊಟ್ಟು 2009ರಲ್ಲಿ ಫಲ ಪ್ರಕಟಿಸಿತು. ಒಂದು ವರ್ಷದ ಕೊನೆಗೆ 19 ಮಂದಿಯಲ್ಲಿ 15 ಮಂದಿಗೆ ಗಾಯ ಕುಗ್ಗಿತ್ತು, 9 ಮಂದಿಯಲ್ಲಿ ಪೂರ್ತಿ ಮಾಯವಾಗಿತ್ತು. ಆಗಲೇ ವೈರಸ್ ಬೇರುಬಿಟ್ಟ ಜಾಗದಲ್ಲಿ ಟಿ-ಕೋಶಗಳನ್ನು ಎಬ್ಬಿಸಿ ಪಡೆದ ಫಲ ಇದು. ಮುಂದುವರಿದ ಗರ್ಭಕಂಠದ ಕ್ಯಾನ್ಸರ್ ಇದ್ದವರಿಗೆ ಅದೇ ಲಸಿಕೆ ಒಂದನ್ನೇ ಕೊಟ್ಟಾಗ ಗೆಡ್ಡೆ ಕರಗಲಿಲ್ಲ.

ಕ್ಷಯದ ಕಡೆಯೂ ಬಾಗಿಲು ತೆರೆಯಿತು. ಎಂ72 ಎಂಬ ಲಸಿಕೆಯಲ್ಲಿ ಕ್ಷಯದ ಎರಡು ಪ್ರೋಟೀನ್‌ಗಳನ್ನು ಬೆಸೆದು, ಟಿ-ಕೋಶಗಳನ್ನು ಚೆನ್ನಾಗಿ ಕೆರಳಿಸುವ ಸಹಾಯಕ ದ್ರವ್ಯದೊಂದಿಗೆ ಕೊಡುತ್ತಾರೆ. ದಕ್ಷಿಣ ಆಫ್ರಿಕ, ಕೀನ್ಯಾ, ಜಾಂಬಿಯಾಗಳ 3,500ಕ್ಕೂ ಹೆಚ್ಚು ವಯಸ್ಕರಲ್ಲಿ ಅದರ ಪರೀಕ್ಷೆ ನಡೆಯಿತು. ಅವರೆಲ್ಲರ ಮೈಯಲ್ಲೂ ಕ್ಷಯದ ಸೋಂಕು ಮೊದಲೇ ಅಡಗಿತ್ತು, ರೋಗವಾಗಿ ಎದ್ದಿರಲಿಲ್ಲ. ಮೂರು ವರ್ಷಗಳಲ್ಲಿ ಬರೀ ದ್ರವ ಪಡೆದವರಲ್ಲಿ 26 ಮಂದಿಗೆ, ಲಸಿಕೆ ಪಡೆದವರಲ್ಲಿ 13 ಮಂದಿಗೆ ಶ್ವಾಸಕೋಶದ ಕ್ಷಯ ಬಂತು. 2020ರಲ್ಲಿ ಅಮೆರಿಕದ ರಾಬರ್ಟ್ ಸೆಡರ್ ತಂಡ ಹಳೆಯ ಬಿಸಿಜಿಯನ್ನೇ ಚರ್ಮದ ಬದಲು ಕೋತಿಗಳ ರಕ್ತನಾಳಕ್ಕೆ ಕೊಟ್ಟು ನೋಡಿತು. ಶ್ವಾಸಕೋಶದೊಳಗೇ ಟಿ-ಕೋಶಗಳು ಬೀಡುಬಿಟ್ಟವು. ಹತ್ತರಲ್ಲಿ ಒಂಬತ್ತು ಕೋತಿಗಳಿಗೆ ಗಟ್ಟಿ ರಕ್ಷಣೆ ಸಿಕ್ಕಿತು, ಆರರಲ್ಲಿ ಸೋಂಕಿನ ಕುರುಹೂ ಇರಲಿಲ್ಲ. ಚೆಂಗಲ್ಪಟ್ಟಿನಲ್ಲಿ ಸೋತ ಅದೇ ಲಸಿಕೆ ಇದು. ಎಂ72ರ ದೊಡ್ಡ ಪ್ರಯೋಗ 2024ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕದಲ್ಲಿ ಶುರುವಾಯಿತು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದವರು. ಆ ಫಲಿತಾಂಶಕ್ಕೆ ನಮ್ಮಷ್ಟು ಕಾಯಬೇಕಾದವರು ಬೇರಾರೂ ಇಲ್ಲ.

ಕ್ಯಾನ್ಸರ್ ಲಸಿಕೆಯಲ್ಲಿ ಆಮೇಲೆ ಬದಲಾದದ್ದು ಗುರಿ. ಮೇಜ್‌ನಂಥ ಪ್ರೋಟೀನ್‌ಗಳು ಹಲವರ ಗೆಡ್ಡೆಗಳಲ್ಲಿ ಇರುತ್ತವೆ, ಆದರೆ ಅವು ದೇಹದ್ದೇ ಹಳೆಯ ಪ್ರೋಟೀನ್‌ಗಳು. ಒಬ್ಬರ ಗೆಡ್ಡೆಯಲ್ಲಿ ಆ ಗೆಡ್ಡೆಗೇ ಸೀಮಿತವಾಗಿ ಕೆಟ್ಟ ಜೀನ್‌ಗಳು ತೋರಿಸುವ ಚೂರುಗಳು ಟಿ-ಕೋಶಕ್ಕೆ ಪೂರ್ತಿ ಅಪರಿಚಿತ. ಜೀನ್ ಓದುವ ಯಂತ್ರಗಳು ಅಗ್ಗವಾದ ಮೇಲೆ ರೋಗಿಗೊಂದರಂತೆ ಲಸಿಕೆ ಹೊಲಿಯುವುದು ಸಾಧ್ಯವಾಯಿತು. 2017ರಲ್ಲಿ ಬಾಸ್ಟನ್‌ನ ಕ್ಯಾಥರೀನ್ ವು ತಂಡ ಆರು ಮೆಲನೋಮಾ ರೋಗಿಗಳಿಗೆ, ಜರ್ಮನಿಯ ಮೈನ್ಜ್‌ನ ಉಗುರ್ ಶಾಹಿನ್ ಮತ್ತು ಓಜ್ಲೆಮ್ ತುರೆಜಿ ತಂಡ ಹದಿಮೂರು ರೋಗಿಗಳಿಗೆ ಇಂಥ ಲಸಿಕೆ ಕೊಟ್ಟ ವಿವರ ಒಟ್ಟಿಗೇ ಹೊರಬಂತು. ಮೈನ್ಜ್‌ನವರು ಬಳಸಿದ್ದು ಪ್ರೋಟೀನ್ ತಯಾರಿಸುವ ಸೂಚನೆಯನ್ನು ಕೋಶಕ್ಕೆ ಒಯ್ಯುವ ಆರ್‌ಎನ್‌ಎ. ಕೋವಿಡ್ ಬಂದಾಗ ಲೋಕಕ್ಕೆ ಪರಿಚಯವಾದ ದಂಪತಿ ಇವರೇ, ಬಯೋಎನ್‌ಟೆಕ್ ಇವರದೇ ಕಂಪನಿ. ಕ್ಯಾನ್ಸರ್‌ಗಾಗಿ ಪಳಗಿಸಿದ ವಿದ್ಯೆ ಅವರಿಗೆ ಆಗ ಕೈಯಳತೆಯಲ್ಲಿತ್ತು.

ಮೊಡರ್ನಾ ಮತ್ತು ಮರ್ಕ್ ಕಂಪನಿಗಳು 157 ಮೆಲನೋಮಾ ರೋಗಿಗಳಲ್ಲಿ ನಡೆಸಿದ ಪ್ರಯೋಗದ ಫಲ 2024ರ ಆರಂಭದಲ್ಲಿ ಪ್ರಕಟವಾಯಿತು. ಎಲ್ಲರಿಗೂ ಗೆಡ್ಡೆಯನ್ನು ಶಸ್ತ್ರಕ್ರಿಯೆಯಲ್ಲಿ ತೆಗೆದಾಗಿತ್ತು, ಎಲ್ಲರಿಗೂ ಪಿಡಿ-1 ಬ್ರೇಕ್ ಬಿಡಿಸುವ ಔಷಧ ಕೊಟ್ಟರು. ಅದರ ಜೊತೆ ತಂತಮ್ಮ ಗೆಡ್ಡೆಯ 34ರವರೆಗಿನ ಗುರುತುಗಳನ್ನು ಹೊತ್ತ ಎಂಆರ್‌ಎನ್‌ಎ ಲಸಿಕೆಯೂ ಸಿಕ್ಕಿದ್ದು 107 ಮಂದಿಗೆ. ಅವರಲ್ಲಿ 24 ಮಂದಿಗೆ ಕ್ಯಾನ್ಸರ್ ಮರಳಿತು ಅಥವಾ ಸಾವು ಬಂತು. ಲಸಿಕೆ ಸಿಗದ 50 ಮಂದಿಯಲ್ಲಿ ಹಾಗಾದವರು 20. ಬ್ರೇಕ್ ಬಿಡಿಸಿದ್ದಾಗಿದೆ, ಗೆಡ್ಡೆಯ ಹೊರೆ ಇಳಿದಿದೆ, ಗುರಿ ಹೊಸದು. ಹಳೆಯ ಲಸಿಕೆಗಳಿಗೆ ಈ ಮೂರೂ ಒಟ್ಟಿಗೆ ಸಿಕ್ಕಿರಲಿಲ್ಲ.

ಸ್ಟೈನ್‌ಮನ್ ಅವರನ್ನು ಕೊಂದ ರೋಗದ ಕಥೆ ಇನ್ನೂ ನಡೆಯುತ್ತಿದೆ. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್‌ನಲ್ಲಿ ಶಸ್ತ್ರವೈದ್ಯ ವಿನೋದ್ ಬಾಲಚಂದ್ರನ್, ಪ್ಯಾಂಕ್ರಿಯಾಸ್ ಕ್ಯಾನ್ಸರ್ ಬಂದೂ ಬಹುವರ್ಷ ಬದುಕಿದ ಕೆಲವರ ಗೆಡ್ಡೆಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ಟಿ-ಕೋಶಗಳು ದಟ್ಟವಾಗಿದ್ದವು, ಗೆಡ್ಡೆಯ ಹೊಸ ಗುರುತುಗಳನ್ನು ಅವು ಬಲ್ಲವಾಗಿದ್ದವು. ಲಸಿಕೆಯಿಂದ ಇದನ್ನೇ ಮಾಡಿಸಬಹುದೇ? ಶಸ್ತ್ರಕ್ರಿಯೆಯಲ್ಲಿ ತೆಗೆದ ಗೆಡ್ಡೆ ನ್ಯೂಯಾರ್ಕ್‌ನಿಂದ ಮೈನ್ಜ್‌ಗೆ ಹೋಗಿ, ಅಲ್ಲಿಂದ ಆ ರೋಗಿಗಷ್ಟೇ ಹೊಂದುವ ಆರ್‌ಎನ್‌ಎ ಲಸಿಕೆಯಾಗಿ ವಿಮಾನದಲ್ಲಿ ಮರಳಿತು. 16 ಮಂದಿಗೆ ಅದನ್ನು ಕೊಟ್ಟು 2023ರಲ್ಲಿ ವಿವರ ಪ್ರಕಟಿಸಿದರು. ಅವರಲ್ಲಿ 8 ಮಂದಿಯ ಟಿ-ಕೋಶಗಳು ಎದ್ದವು, 8 ಮಂದಿಯವು ಏಳಲಿಲ್ಲ. ಸುಮಾರು ಮೂರು ವರ್ಷಗಳ ನಂತರದ ಲೆಕ್ಕ 2025ರಲ್ಲಿ ಬಂತು. ಎದ್ದ 8ರಲ್ಲಿ 6 ಮಂದಿಗೆ ಕ್ಯಾನ್ಸರ್ ಮರಳಿಲ್ಲ. ಏಳದ 8ರಲ್ಲಿ 7 ಮಂದಿಗೆ ಮರಳಿದೆ. ಹದಿನಾರು ಜನರ ಪ್ರಯೋಗ, ಹೋಲಿಸಲು ಇನ್ನೊಂದು ಗುಂಪೂ ಇರಲಿಲ್ಲ, ಆದ್ದರಿಂದ ಇದನ್ನೇ ಚಿಕಿತ್ಸೆ ಎನ್ನುವಂತಿಲ್ಲ. ಟಿ-ಕೋಶಗಳು ಏಳುವಷ್ಟು ಗಟ್ಟಿಯಿದ್ದವರೇ ಹೇಗಾದರೂ ಹೆಚ್ಚು ಬದುಕುತ್ತಿದ್ದರೋ, ಲಸಿಕೆಯೇ ಬದುಕಿಸಿತೋ ಎಂದು ತಿಳಿಯಲು ಸುಮಾರು 260 ರೋಗಿಗಳ ಮುಂದಿನ ಪ್ರಯೋಗ ನಡೆಯುತ್ತಿದೆ. ಅದರಲ್ಲಿ ಅರ್ಧ ಮಂದಿಗೆ ಕೀಮೋ ಮಾತ್ರ, ಉಳಿದವರಿಗೆ ಲಸಿಕೆ, ಬ್ರೇಕ್ ಬಿಡಿಸುವ ಔಷಧ, ಕೀಮೋ ಮೂರೂ.